ಕಿಂಡಿಯಿಲ್ಲದ ಕೋಣೆ

ಮಾಲವಿಕಾ ಹೆಬ್ಬೆರಳಿನ ಉಗುರನ್ನು ಎಪಾಕ್ಸಿ ಅಂಟಿನ ಮೇಲಿಟ್ಟು ಒತ್ತಿದಳು. ಉಗುರು ಇಳಿಯಿತು.

ಕೈ ತೆಗೆದು ನೋಡಿದಳು. ಕೂದಲೆಳೆಯಷ್ಟು ಸಣ್ಣ ಗೀರು. ಒಂದು ಗೇಣು ಆಚೆ ಮತ್ತೆ ಒತ್ತಿದಳು. ಅಲ್ಲೂ ಇಳಿಯಿತು.

"ಏನಾತ್ರಿ ಮೇಡಂ?" ಸಬ್ ಇನ್‌ಸ್ಪೆಕ್ಟರ್ ಗುರುಬಸಪ್ಪ ದೋಣಿಯ ಹೊರಗೆ ನಿಂತು ಕತ್ತು ಚಾಚಿದ.

"ಇದು ಪೂರ್ತಿ ಒಣಗಿಲ್ಲ ಸಾರ್."

"ಮುಟ್ಟಿದ್ರ ಕಲ್ಲಾಗೇತಲ್ರಿ."

"ಕೈಗೆ ಗಟ್ಟಿನೇ. ಆದ್ರೆ ಉಗುರು ಇಳೀತಾ ಇದೆ. ಈ ಮೋಡದ ಹವಾಕ್ಕೂ ಎಂಟು ದಿನ ಆಗಿದ್ರೆ ಉಗುರಿರಲಿ, ಮೊಳೆ ಇಟ್ಟು ಗೀಚಿದ್ರೂ ಕಷ್ಟ. ಇದನ್ನ ಹಾಕಿ ಎರಡು ದಿನ ಆಗಿರ್ಬೇಕು. ಹೆಚ್ಚಂದ್ರೆ ಮೂರು."

ಗುರುಬಸಪ್ಪ ಬಾಗಿಲ ಬೀಗದ ಕಡೆ ತಿರುಗಿ ನೋಡಿದ. ಮಲ್ಲತ್ತಹಳ್ಳಿ ಕೆರೆಯ ಹಿಂದಿನ ಈ ತಗಡಿನ ಶೆಡ್ಡಿಗೆ ಹದಿನಾರು ದಿನದ ಹಿಂದೆ ಬೀಗ ಹಾಕಿದವನು ಅವನೇ. ಬೀಗದ ಕೈ ಇಷ್ಟು ದಿನವೂ ಅವನ ಟೇಬಲ್ಲಿನ ಡ್ರಾಯರಿನಲ್ಲಿತ್ತು.

ಬೀಗ ಹಾಕಿದ್ದು ಮಾಲವಿಕಾಳ ಅಣ್ಣ ಶ್ರೀರಾಮನ ಹೆಣ ಪಕ್ಕದ ದೋಣಿಯ ಕೆಳಗೆ ಸಿಕ್ಕ ದಿನ. ದೋಣಿ ತಾನಾಗಿ ಉರುಳಿದ್ದಲ್ಲ, ಅದನ್ನು ಹೊತ್ತಿದ್ದ ಮರದ ಸ್ಟ್ಯಾಂಡಿನ ಕಾಲನ್ನು ಯಾರೋ ಮೊದಲೇ ಅರ್ಧ ಕೊಯ್ದಿಟ್ಟಿದ್ದರು ಎಂಬುದು ಹೋದ ವಾರವಷ್ಟೇ ಗೊತ್ತಾಗಿತ್ತು.

"ಮತ್ತ, ಬೀಗ ಹಾಕಿದ ಶೆಡ್ಡಿನಾಗ ಎರಡು ದಿನದ ಹಿಂದ ಯಾರ್ ಬಂದು ಅಂಟು ಹಚ್ಚಿದ್ರು?"

ಅವನು ಉತ್ತರಕ್ಕೆ ಕಾಯಲಿಲ್ಲ. ಗೋಡೆಯ ಸುತ್ತ ಟಾರ್ಚು ಹಿಡಿದು ನಡೆದ. ಹಿಂಬದಿಯ ತಗಡಿನ ಹತ್ತಿರ ನಿಂತ. ಸಾಲು ಸಾಲು ತುಕ್ಕು ಹಿಡಿದ ಸ್ಕ್ರೂಗಳು. ನಡುವೆ ನಾಲ್ಕು ಮಾತ್ರ ಹೊಸದಾಗಿ ಹೊಳೆಯುತ್ತಿದ್ದವು.

"ಕಲಾವತಿ," ಎಂದು ಕೂಗಿದ. "ಆ ಬಡಗಿ ಭರಮಪ್ಪ ಇವತ್ತ ಎಲ್ಲಿ ಕೆಲಸಕ್ಕ ಹೋಗ್ಯಾನ?"

ಬಾಗಿಲಲ್ಲಿದ್ದ ಕಾನ್‌ಸ್ಟೆಬಲ್ ಕಲಾವತಿ ಫೋನಿನಿಂದ ತಲೆ ಎತ್ತಿದಳು. "ಅನ್ನಪೂರ್ಣೇಶ್ವರಿ ನಗರದಲ್ಲಿ ಸಾರ್. ಒಂದು ಅಪಾರ್ಟ್‌ಮೆಂಟ್‌ನಲ್ಲಿ ಕಿಚನ್ ಕೆಲಸ."

"ಕರಕೊಂಡ ಬಾ. ಗರಗಸದ ಮಷೀನ್ ತರ್ಲಿಕ್ಕೆ ಹೇಳು. ಇದನ್ನ ಕೊಯ್ಸೋಣ."

ಕಲಾವತಿಯ ಸ್ಕೂಟರಿನ ಸದ್ದು ದೂರವಾಯಿತು. ಮಧ್ಯಾಹ್ನ ಮೂರು ಗಂಟೆ. ತಗಡಿನ ಕೆಳಗೆ ಸೆಕೆ. ಗುರುಬಸಪ್ಪ ಹೊರಗೆ ಹೋಗಿ ಯಾರಿಗೋ ಫೋನ್ ಹಚ್ಚಿದ.

ಮಾಲವಿಕಾ ದೋಣಿಯೊಳಗೇ ಕುಕ್ಕರಗಾಲಲ್ಲಿ ಕೂತಳು.

ದೋಣಿ ಎಂದರೆ ಒಂದಲ್ಲ, ಎರಡು. ಇಪ್ಪತ್ತನಾಲ್ಕು ಅಡಿ ಉದ್ದದ, ಸೊಂಟದಷ್ಟೇ ಅಗಲದ ಎರಡು ಪ್ಲೈವುಡ್ ದೋಣಿಗಳು. ಅವನ್ನು ಪಕ್ಕಪಕ್ಕ ಇಟ್ಟು ಮೇಲೆ ಅಡ್ಡತೊಲೆ ಬಿಗಿದರೆ ಒಂದು ಕ್ಯಾಟಮರಾನ್. ನಡುವೆ ಕಂಬ ನಿಲ್ಲಿಸಿ ಹಾಯಿ ಕಟ್ಟಿದರೆ ಸಮುದ್ರಕ್ಕೆ ಇಳಿಸಬಹುದು. ಪಾಲಿಟೆಕ್ನಿಕ್ಕಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ಶ್ರೀರಾಮ ನಲವತ್ತು ದಾಟಿದ ಮೇಲೆ ಮೊದಲ ಸಲ ಮಲ್ಪೆಯಲ್ಲಿ ಸಮುದ್ರ ನೋಡಿದ್ದ. ವಾಪಸು ಬಂದವನೇ ನಕ್ಷೆ ತರಿಸಿಕೊಂಡು ಪ್ಲೈವುಡ್ ಕೊಯ್ಯಲು ಕೂತ. ಬೀದಿಯವರು ಬಂದು ಇಣುಕಿ, "ಇದನ್ನ ನಮ್ಮ ಕೆರೇಲೇ ಬಿಡ್ತೀರಾ ಸಾರ್?" ಎಂದು ಕೇಳುವರು. "ಕೆರೆಗೆ ದೋಣಿ ದೊಡ್ಡದಾಯ್ತು, ದೋಣಿಗೆ ಕೆರೆ ಸಣ್ಣದಾಯ್ತು," ಎನ್ನುವನು ಶ್ರೀರಾಮ.

ಅವನು ಮರ ಕೊಯ್ಯುವವನು, ಜೋಡಿಸುವವನು. ಎಪಾಕ್ಸಿ ಕಲಸುವುದು ಮಾಲವಿಕಾಳ ಪಾಲು. ರಾಜಾಜಿನಗರದ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ ದುಡಿಯುವ ಅವಳಿಗೆ ಅಳತೆ ಎಂದರೆ ಅಳತೆ. ಅಂಟಿನ ರೆಸಿನ್ ಇಷ್ಟು ಗ್ರಾಂ, ಅದನ್ನು ಗಟ್ಟಿ ಮಾಡುವ ಹಾರ್ಡ್‌ನರ್ ಇಷ್ಟು ಗ್ರಾಂ, ಒಂದು ಹನಿ ಆಚೀಚೆಯಿಲ್ಲ. ಮೂರು ವರ್ಷದ ಭಾನುವಾರಗಳು ಹಾಗೇ ಕಳೆದಿದ್ದವು. ಅಣ್ಣನಿಗೆ ಮದುವೆಯಾಗಿರಲಿಲ್ಲ. ಅವಳ ಮದುವೆ ಉಳಿದಿರಲಿಲ್ಲ. ಇಬ್ಬರಿಗೂ ಆ ಭಾನುವಾರಗಳು ಸಾಕಾಗಿದ್ದವು.

ಈಗ ಅವಳ ಮುಂದಿದ್ದುದು ದೋಣಿಯ ಮೂತಿಯ ಕೋಣೆ. ಒಂದೊಂದು ದೋಣಿಯನ್ನೂ ಅಡ್ಡಗೋಡೆಗಳಿಂದ ಐದು ಕೋಣೆ ಮಾಡಿದ್ದರು. ಒಂದಕ್ಕೆ ನೀರು ನುಗ್ಗಿದರೂ ಉಳಿದವು ತೇಲಿಸಲಿ ಎಂದು. ಪ್ರತಿ ಕೋಣೆಗೂ ಕೈ ತೂರುವಷ್ಟು ದುಂಡು ಕಿಂಡಿ, ಅದಕ್ಕೆ ತಿರುಗಿಸುವ ಮುಚ್ಚಳ. "ಕೈ ಹೋಗದ ಜಾಗದಲ್ಲಿ ನೀರು ನಿಂತ್ರೆ ಮರ ಒಳಗೊಳಗೇ ಕೊಳೆಯುತ್ತೆ ಕಣೇ," ಎನ್ನುತ್ತಿದ್ದ ಅಣ್ಣ. ಈ ಒಂದು ವಿಷಯದಲ್ಲಿ ಅವನು ಬಲು ಹಟಮಾರಿ.

ಹದಿನಾರು ದಿನದ ಹಿಂದೆ ಈ ಕೋಣೆ ಮೇಲಿನಿಂದ ತೆರೆದೇ ಇತ್ತು. ಈಗ ಅದರ ಮೇಲೆ ಹೊಸ ಪ್ಲೈವುಡ್ ಕೂತಿತ್ತು. ಕಿಂಡಿ ಇರಲಿಲ್ಲ.

ಅಂಚಿನ ಉದ್ದಕ್ಕೂ ಮರದ ಹುಡಿ ಕಲಸಿದ ಎಪಾಕ್ಸಿಯ ಪಟ್ಟಿ ಎಳೆದಿದ್ದರು. ಎರಡು ಹಲಗೆ ಕೂಡುವ ಮೂಲೆಯಲ್ಲಿ ಚಮಚದ ಬೆನ್ನಿನಿಂದ ಒತ್ತಿ ಎಳೆಯುವ ಪಟ್ಟಿ ಅದು. ಮಾಲವಿಕಾ ಅದರ ಮೇಲೆ ಬೆರಳಾಡಿಸಿದಳು. ನುಣ್ಣಗಿತ್ತು. ಒಂದು ಮೊಳದಷ್ಟು ಹೋದ ಮೇಲೆ ಬೆರಳಿಗೆ ಏನೋ ತಗುಲಿತು.

ಬಗ್ಗಿ ನೋಡಿದಳು. ಚಮಚ ಎತ್ತಿದ ಕಡೆ ಒಂದು ಪುಟ್ಟ ಕೊಂಕು. ಎಡಕ್ಕೆ ಬಾಗಿದ ಬಾಲ.

ಇನ್ನೊಂದು ಮೊಳ ಆಚೆ ಇನ್ನೊಂದು. ಅದೂ ಎಡಕ್ಕೆ.

ಅವಳು ಮತ್ತೊಂದು ಸಲ ಬೆರಳಿಟ್ಟು ನೋಡಿದಳು.

ಶ್ರೀರಾಮ ಎಡಗೈಯವನು. ಒಂದು ಎಳೆತ ಮುಗಿಸಿ ಚಮಚ ಎತ್ತುವಾಗ ಮಣಿಕಟ್ಟು ತಿರುಗಿಸುತ್ತಿದ್ದ. ಅದು ಅವನ ಅಭ್ಯಾಸ; ಬಿಡು ಎಂದರೂ ಬಿಟ್ಟಿರಲಿಲ್ಲ. ಆ ಬಾಲಗಳನ್ನು ಉಜ್ಜು ಕಾಗದದಿಂದ ಉಜ್ಜಿ ಉಜ್ಜಿ ಮೂರು ವರ್ಷ ಗೊಣಗಿದವಳು ಅವಳು. ಅವೆರಡು ದೋಣಿಗಳಲ್ಲಿ ಅಂಥ ನಾನೂರು ಬಾಲಗಳನ್ನಾದರೂ ಅಳಿಸಿದ್ದಳು. ಅವುಗಳ ವಿಷಯ ಮೂರನೆಯವರಿಗೆ ಗೊತ್ತಿರಲಿಲ್ಲ. ಯಾರಿಗಾದರೂ ಹೇಳುವಂಥ ಸಂಗತಿಯೇ ಅದಲ್ಲ.

ಎರಡು ದಿನದ ಹಿಂದೆ ಎಂದರೆ ಮಂಗಳವಾರ. ಸೋಮವಾರ ಅಣ್ಣನ ಹದಿಮೂರನೇ ದಿನ ಮುಗಿದಿತ್ತು. ವಿಜಯನಗರದ ಮನೆಯಲ್ಲಿ ಅರವತ್ತು ಜನ ಉಂಡು ಹೋಗಿದ್ದರು.

ಅವಳು ತನ್ನ ಎದೆ ಹೊಡೆದುಕೊಳ್ಳುವುದೇನೋ ಎಂದು ಕಾದಳು. ಹೊಡೆದುಕೊಳ್ಳಲಿಲ್ಲ. ಈ ಹದಿನಾರು ದಿನವೂ ಹಾಗೇ. ಲ್ಯಾಬಿನ ಕೈಗವಸು ಹಾಕಿಕೊಂಡೇ ಎಲ್ಲವನ್ನೂ ಮುಟ್ಟಿದ ಹಾಗೆ. ಹದಿಮೂರನೇ ದಿನ ಯಾರೋ ಅವಳ ಹೆಗಲಿಗೆ ಒರಗಿ ಅತ್ತಾಗ, ಅತ್ತವರ ಬೆನ್ನನ್ನು ತಾನೇ ಸವರಿ, ಒಳಗೆ ಹೋಗಿ ಸಾರಿಗೆ ಉಪ್ಪು ನೋಡಿದ್ದಳು. ಉಪ್ಪಿದೆಯೋ ಇಲ್ಲವೋ ನಾಲಿಗೆಗೆ ತಿಳಿದಿರಲಿಲ್ಲ.

ಶವಾಗಾರದ ಹೊರಗಿನ ಸಿಮೆಂಟು ಬೆಂಚು ನೆನಪಾಯಿತು. ದೊಡ್ಡಪ್ಪನ ಮಗ ರೇವಂತ್ ಒಳಗೆ ಹೋಗಿ ಬಂದಿದ್ದ. "ಮುಖ ನೋಡೋ ಹಾಗಿಲ್ಲ ಮಾಲು. ನೀನು ಹೋಗ್ಬೇಡ. ಶರ್ಟು, ವಾಚು ಎಲ್ಲಾ ಅವನದೇ," ಎಂದಿದ್ದ. ಅವಳು ಹೋಗಿರಲಿಲ್ಲ. ತೋರಿಸಿದ ಕಡೆ ಸಹಿ ಹಾಕಿದ್ದಳು. ಕೊಳ್ಳಿ ಇಟ್ಟವನೂ ರೇವಂತನೇ.

ಅವಳು ಯಾರ ಮುಖವನ್ನೂ ನೋಡಿರಲಿಲ್ಲ.

"ಮೇಡಂ, ಇಳೀರಿ ಕೆಳಗ. ಭರಮಪ್ಪ ಬಂದ."

ಭರಮಪ್ಪ ಬಾದಾಮಿಯ ಕಡೆಯವನು. ಮೂಡಲಪಾಳ್ಯದಲ್ಲಿ ಮನೆ ಮಾಡಿ ಹನ್ನೆರಡು ವರ್ಷವಾಗಿತ್ತು. ಶ್ರೀರಾಮನಿಗೆ ಉದ್ದನೆಯ ಹಲಗೆಗಳನ್ನು ಬಾಗಿಸಿ ಕೂರಿಸಲು ಕೈ ಕೊಟ್ಟವನು. ಅವನ ಮಗಳಿಗೆ ಡ್ರಾಯಿಂಗ್ ಕಲಿಸಿ ಡಿಪ್ಲೊಮಾಗೆ ಸೇರಿಸಿದವನು ಶ್ರೀರಾಮ. ಭರಮಪ್ಪ ಅಂದಿನಿಂದ ಶ್ರೀರಾಮನ ಹೆಸರು ಹೇಳಿದವನಲ್ಲ; ಸರ್ ಎಂದರೆ ಅವನೊಬ್ಬನೇ.

ಅವನು ಮಷೀನನ್ನು ಎದೆಗೆ ಅವಚಿಕೊಂಡು ನಿಂತಿದ್ದ. ಆ ಸೆಕೆಯಲ್ಲೂ ತುಂಬುತೋಳಿನ ಶರ್ಟು. ಗುಂಡಿ ಮಣಿಕಟ್ಟಿನವರೆಗೆ ಬಿಗಿದಿತ್ತು.

"ಇದನ್ನ ಕೊಯ್ಯಪ್ಪ," ಎಂದ ಗುರುಬಸಪ್ಪ.

"ಸರ್ ಕಟ್ಟಿದ್ದನ್ನ ಕೊಯ್ಲಿಕ್ಕೆ ನನ್ನ ಕೈ ಬರೂದಿಲ್ರಿ ಸಾಹೇಬ್ರ."

"ಸರ್ ಕಟ್ಟಿದ್ದಲ್ಲ ಇದು. ಕೊಯ್ಯಿ."

ಭರಮಪ್ಪ ಮಾಲವಿಕಾಳ ಕಡೆ ನೋಡಿದ. ಅವಳು ತಲೆಯಾಡಿಸಿದಳು. ಗರಗಸ ಕಿರ್ರೆಂದಿತು. ಹೊಸ ಪ್ಲೈವುಡ್ಡಿನ ಹುಡಿ ಹಾರಿತು. ಅವನು ಮೂರು ಬದಿ ಕೊಯ್ದು, ಹಲಗೆಯ ಕೆಳಗೆ ಎರಡೂ ಕೈ ಕೊಟ್ಟು ಎತ್ತಿದ. ಎತ್ತುವಾಗ ತೋಳು ಮೇಲೆ ಸರಿಯಿತು.

ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಕೆಂಪಗೆ ದದ್ದೆದ್ದಿತ್ತು. ಕೆರೆದ ಕಡೆ ನೀರು ಒಸರುತ್ತಿತ್ತು.

ಮಾಲವಿಕಾಳಿಗೆ ಆ ದದ್ದಿನ ಪರಿಚಯವಿತ್ತು. ಎರಡು ವರ್ಷದ ಹಿಂದೆ ಎಪಾಕ್ಸಿ ಭರಮಪ್ಪನ ಮೈಗೆ ಒಗ್ಗದೆ ಕೈ ಹೀಗೇ ಬಾತಿತ್ತು. ಡಾಕ್ಟರ ಹತ್ತಿರ ಕರೆದೊಯ್ದವಳು ಅವಳೇ. ಅಂದಿನಿಂದ ಅಣ್ಣ ಅವನಿಗೆ ಎಪಾಕ್ಸಿಯ ಡಬ್ಬ ಕೂಡ ಮುಟ್ಟಗೊಡುತ್ತಿರಲಿಲ್ಲ.

"ಕೈ ಯಾವಾಗಿಂದ ಹೀಗಾಗಿದೆ ಭರಮಪ್ಪ?"

ಅವಳು ಕೇಳಿದ್ದು ಸಹಜವಾಗಿ. ಲ್ಯಾಬಿಗೆ ಬಂದವರನ್ನು ಕೇಳುವ ದನಿಯಲ್ಲಿ. ಆದರೆ ಗುರುಬಸಪ್ಪನ ಕಿವಿ ಚುರುಕು. ಅವನು ಎರಡೇ ಹೆಜ್ಜೆಯಲ್ಲಿ ಬಂದು ಭರಮಪ್ಪನ ತೋಳನ್ನು ಬೆಳಕಿಗೆ ಹಿಡಿದ.

"ಇದ ಅಂಟಿನಿಂದ ಆಗೋದೇನ್ರಿ ಮೇಡಂ?"

ಆಗ ಅವಳಿಗೆ ತಾನು ಏನು ಮಾಡಿಬಿಟ್ಟೆ ಎಂಬುದು ತಿಳಿಯಿತು. ಆದರೂ ಸುಳ್ಳು ನಾಲಿಗೆಗೆ ಬರಲಿಲ್ಲ. "ಹೌದು ಸಾರ್."

"ಮೊದಲ ಒಳಗೇನೈತಿ ನೋಡೂಣ."

ಕಲಾವತಿ ಕೈಗವಸು ಹಾಕಿಕೊಂಡು ಕೋಣೆಯೊಳಗಿಂದ ಒಂದು ಕಟ್ಟು ಎತ್ತಿದಳು. ಟಾರ್ಪಾಲಿನ ತುಂಡಿನಲ್ಲಿ ಸುತ್ತಿ ಟೇಪು ಹಚ್ಚಿದ್ದರು. ಬಿಚ್ಚಿದರೆ, ಊಟ ತಂದುಕೊಡುವ ಹುಡುಗರು ಹಾಕುವಂಥ ಒಂದು ಜಾಕೆಟ್ಟು. ಕೊರಳ ಪಟ್ಟಿಯಿಂದ ಎದೆಯವರೆಗೆ ಕಪ್ಪಗೆ, ಗರಿಗರಿಯಾಗಿ ಒಣಗಿದ ಕಲೆ.

ಅದೇನೆಂದು ಮಾಲವಿಕಾಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ದಿನವೂ ನೋಡುವ ಬಣ್ಣ.

ಕಲಾವತಿ ಒಳಜೇಬಿನಿಂದ ಒಂದು ಗುರುತಿನ ಚೀಟಿ ತೆಗೆದಳು. ಸಂಸ್ಥೆಯ ಹೆಸರಿನ ಕಡೆ ಉಜ್ಜಿಹೋಗಿತ್ತು, ಫೋಟೋ ಮಾಸಿತ್ತು. ಹೆಸರು ಮಾತ್ರ ಓದುವಂತಿತ್ತು. "ಅಮರೇಶ. ಸಾರ್, ಈ ಹೆಸರು... ಕಾಣೆಯಾದವರ ಲಿಸ್ಟ್‌ನಲ್ಲಿದೆ. ಅಕ್ಕ ಬಂದು ಕಂಪ್ಲೇಂಟ್ ಕೊಟ್ಟಿದ್ರು. ಭಾಗವ್ವ ಅಂತ. ನಾನೇ ಬರ್ಕೊಂಡಿದ್ದೆ."

"ಯಾವಾಗ?"

"ಶ್ರೀರಾಮ್ ಸಾರ್ ಬಾಡಿ ಸಿಕ್ಕಿದ ಮಾರನೇ ದಿನ."

ಗುರುಬಸಪ್ಪ ಭರಮಪ್ಪನ ತೋಳು ಬಿಟ್ಟಿರಲಿಲ್ಲ.

"ಹೇಳಪ್ಪ."

"ಏನ್ ಹೇಳ್ಲಿರಿ."

"ಆ ಹುಡುಗನ ಜಾಕೆಟ್ಟು ಸರ್ ದೋಣಿಯೊಳಗ ಯಾರು ಹೂತಿಟ್ರು?"

"ನಾನ ಇಟ್ಟೀನ್ರಿ."

"ಮತ್ತ, ಮ್ಯಾಲ ಹಲಗಿ?"

"ನಾನ. ಹಿಂದಿನ ತಗಡ ಬಿಚ್ಚಿದ್ದೂ ನಾನ, ಅಂಟ ಕಲಸಿದ್ದೂ ನಾನ, ಎಳೆದಿದ್ದೂ ನಾನ." ಬಾಯಿಪಾಠ ಒಪ್ಪಿಸಿದ ಹಾಗಿತ್ತು. ಅವನ ಕಣ್ಣು ನೆಲದ ಮೇಲೆ.

"ಯಾಕ?"

"ಯಾಕಂದ್ರ... ನನ್ನಿಂದ ತಪ್ಪಾತ್ರಿ."

"ಸ್ಟ್ಯಾಂಡಿನ ಕಾಲು ಕೊಯ್ದಿದ್ದು?"

"ಅದೂ ನಾನ ಅಂತ ಬರಕೊಳ್ರಿ."

"ಬರಕೊಳ್ರಿ ಅಂದ್ರ ಏನು? ನೀ ಮಾಡೀಯೋ ಇಲ್ಲೋ?"

"ಮಾಡೀನಿ."

ಗುರುಬಸಪ್ಪ ಕಲಾವತಿಯನ್ನು ಹತ್ತಿರ ಕರೆದ. ಭಾಗವ್ವನ ನಂಬರಿಗೆ ಫೋನು ಮಾಡಲು, ಜೀಪು ಕರೆಸಲು ಮೆಲ್ಲಗೆ ಹೇಳಿದ. ಅವಳು ಬಾಗಿಲ ಕಡೆ ಹೋದಳು. ಅವನು ಭರಮಪ್ಪನನ್ನು ಗೋಡೆಯ ಬದಿಗೆ ಕೂರಿಸಿ, ನಿಧಾನವಾಗಿ, ಕೊಯ್ದ ಹಲಗೆಯನ್ನು ಮಾಲವಿಕಾಳ ಮುಂದೆ ತಂದಿಟ್ಟ.

"ಮೇಡಂ, ನೀವು ಇದನ್ನ ಮೂರು ವರ್ಷ ಮಾಡಿದವರು. ಕೋರ್ಟಿನಾಗ ಕೇಳ್ತಾರ. ಈ ಕೆಲಸ ಇಂವ ಮಾಡಿದ್ದು ಅಂತ ಹೇಳಬಹುದಲ್ರಿ?"

ಮಾಲವಿಕಾ ಹಲಗೆಯ ಅಂಚು ನೋಡಿದಳು. ಪಟ್ಟಿಯ ಅರ್ಧ ಹಲಗೆಗೆ ಅಂಟಿಕೊಂಡು ಬಂದಿತ್ತು. ಒಂದು ಬಾಲ ಉಳಿದಿತ್ತು.

ಭರಮಪ್ಪ ಅವಳನ್ನೇ ನೋಡುತ್ತಿದ್ದ. ಹೇಳಬೇಡಿ ಎಂದು ಅವನ ಕಣ್ಣು ಬೇಡುತ್ತಿತ್ತು. ಹೌದು ಎಂದರೆ ಮುಗಿಯಿತು. ಅಣ್ಣ ಎಲ್ಲೋ ಇರುತ್ತಾನೆ, ಉಸಿರಾಡುತ್ತಾನೆ. ಅವನಿಗೋಸ್ಕರ ಈ ಮನುಷ್ಯ ಜೈಲಿಗೆ ಹೋಗುತ್ತಾನೆ. ಅವನ ಮಗಳು ಕಾಲೇಜು ಬಿಡುತ್ತಾಳೆ. ಅಲ್ಲ ಎಂದರೆ, ಹದಿನಾರು ದಿನ ಸತ್ತಿದ್ದ ಅಣ್ಣನನ್ನು ತಾನೇ ಬದುಕಿಸಿ ಪೊಲೀಸರ ಕೈಗೆ ಕೊಟ್ಟ ಹಾಗೆ.

ಮನಸ್ಸಿನಲ್ಲಿ ಏನಾದರೂ ಹೊಯ್ದಾಡಬೇಕಿತ್ತು. ಏನೂ ಇರಲಿಲ್ಲ. ಇದ್ದುದು ಒಂದು ಅಭ್ಯಾಸ ಮಾತ್ರ. ಹದಿನೆಂಟು ವರ್ಷದಲ್ಲಿ ಅವಳು ಒಬ್ಬರ ರಕ್ತದ ಮೇಲೆ ಇನ್ನೊಬ್ಬರ ಹೆಸರು ಅಂಟಿಸಿದವಳಲ್ಲ.

"ಇದು ಭರಮಪ್ಪನ ಕೈ ಅಲ್ಲ ಸಾರ್."

"ಅಕ್ಕಾರ," ಎಂದ ಭರಮಪ್ಪ.

"ಕಲಸಿದ್ದು ಅವನೇ ಇರಬಹುದು. ಎಳೆದಿದ್ದು ಅವನಲ್ಲ. ಇಲ್ಲಿ ನೋಡಿ, ಚಮಚ ಎತ್ತಿದ ಕಡೆ ಎಡಕ್ಕೆ ತಿರುಗಿದೆ. ಪ್ರತಿ ಸಲಾನೂ. ಎಡಗೈಯವರು, ಅದರಲ್ಲೂ ಒಬ್ಬರೇ ಹೀಗೆ ಮಾಡ್ತಾ ಇದ್ದಿದ್ದು."

"ಯಾರು?"

"ನಮ್ಮಣ್ಣ."

ಗುರುಬಸಪ್ಪ ಹಲಗೆಯನ್ನು ನೋಡಿದ. ಅವಳನ್ನು ನೋಡಿದ. "ಇದು ಎರಡು ದಿನದ್ದು ಅಂತ ನೀವ ಹೇಳಿದ್ರಿ."

"ಹೌದು."

"ನಿಮ್ಮಣ್ಣ ಹೋಗಿ ಹದಿನಾರು ದಿನ ಆತು."

"ನಾನು ಮುಖ ನೋಡಿಲ್ಲ ಸಾರ್. ರೇವಂತ್ ನೋಡಿದ್ದು. ನಾನು ಸಹಿ ಮಾತ್ರ ಹಾಕಿದ್ದು."

ಗೋಡೆಗೆ ಒರಗಿದ್ದ ಭರಮಪ್ಪ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. "ಹೇಳಬಾರದಿತ್ರಿ ಅಕ್ಕಾರ. ನಿಮಗ ಮಾತ್ರ ಗೊತ್ತಾಗಬಾರದು ಅಂದಿದ್ರು."

"ಯಾವಾಗ ಬಂದಿದ್ರು?" ಗುರುಬಸಪ್ಪನ ದನಿ ಬಹಳ ಮೆತ್ತಗಾಗಿತ್ತು.

"ಮಂಗಳವಾರ ಮಟಮಟ ಮಧ್ಯಾಹ್ನ. ಗಡ್ಡ ಬಿಟ್ಟಿದ್ರು. ಆ ಗಂಟು ಅವರ ಕೈಯಾಗಿತ್ತು. ಒಳಗೇನೈತಿ ಅಂತ ನಾ ಕೇಳ್ಲಿಲ್ರಿ. ಕಲಸಿಕೊಡು ಅಂದ್ರು, ಕಲಸಿಕೊಟ್ಟೆ. ಎಲ್ಲಿರ್ತೀರಿ ಸರ್ ಅಂತ ಕೇಳಿದೆ. ಹೇಳ್ಲಿಲ್ಲ. ಹೋಗೂ ಮುಂದ ದೋಣಿ ಮ್ಯಾಲ ಕೈ ಇಟ್ಟು ಭಾಳ ಹೊತ್ತು ನಿಂತಿದ್ರು."

ಅಣ್ಣ ಬದುಕಿದ್ದಾನೆ ಎಂದು ಮಾಲವಿಕಾ ಮನಸ್ಸಿನಲ್ಲೇ ಒಂದು ಸಲ ಹೇಳಿಕೊಂಡಳು. ಆ ಮಾತು ಬೇರೆ ಯಾರದೋ ಮನೆಯ ಸುದ್ದಿಯ ಹಾಗಿತ್ತು. ಆಮೇಲೆ ಶ್ರೀರಂಗಪಟ್ಟಣದ ನೀರಿನಲ್ಲಿ ಬಿಟ್ಟ ಬೂದಿ ನೆನಪಾಯಿತು. ಬಾಳೆಲೆಯ ಮೇಲಿಟ್ಟ ಪಿಂಡ ನೆನಪಾಯಿತು. ಯಾರೋ ಭಾಗವ್ವನ ತಮ್ಮನಿಗೆ, ಅವನ ಹೆಸರು ಹೇಳದೆ, ಅವನ ಗೋತ್ರ ಕೇಳದೆ.

"ಹಂಗಾದ್ರ ನಾವು ಸುಟ್ಟಿದ್ದು ಈ ಅಮರೇಶನ್ನ," ಎಂದ ಗುರುಬಸಪ್ಪ, ತನಗೆ ತಾನೇ ಹೇಳಿಕೊಂಡ ಹಾಗೆ.

"ಅಲ್ಲ ಸಾರ್."

ಬಾಗಿಲಲ್ಲಿ ಕಲಾವತಿ ನಿಂತಿದ್ದಳು. ಫೋನು ಅವಳ ಕಿವಿಯ ಹತ್ತಿರವೇ ಇತ್ತು.

"ಭಾಗವ್ವ ಲೈನಲ್ಲಿದಾರೆ. ತಮ್ಮ ವಾರದ ಹಿಂದೆನೇ ಊರಿಗೆ ಬಂದನಂತೆ. ಗಾಡಿಯಿಂದ ಬಿದ್ದು ಕಾಲು ಮುರ್ಕೊಂಡಿದ್ದ, ಫೋನೂ ಒಡೆದುಹೋಗಿತ್ತಂತೆ. ಕಂಪ್ಲೇಂಟ್ ವಾಪಸ್ ತಗೊಳ್ಳೋಕೆ ಮರೆತ್ವಿ ಅಂತಿದಾರೆ. ಅವನು ಪಕ್ಕದಲ್ಲೇ ಇದಾನೆ ಸಾರ್."

ಗುರುಬಸಪ್ಪ ಫೋನು ಇಸಿದುಕೊಂಡು ಸ್ಪೀಕರಿಗೆ ಹಾಕಿದ. "ಅಮರೇಶ? ನಿನ್ನ ಜಾಕೆಟ್ಟು, ಐಡಿ ಕಾರ್ಡು ಎಲ್ಲಿ?"

"ಜಾಕೆಟ್ಟೇನ್ರಿ ಸರ? ಬೀಳೂ ಮುಂಚೆನ ಕೊಟ್ಟಿದ್ನಿರಿ. ಕಾರ್ಡು ಅದರ ಜೇಬಿನ್ಯಾಗ ಉಳೀತು." ಎಳೆಯ ಗಂಡುದನಿ, ಅಂಜಿಕೆಯಿಲ್ಲದ್ದು. "ಮಲ್ಲತ್ತಹಳ್ಳಿ ಕೆರಿ ಹತ್ರ ಒಬ್ಬರು ಅಕ್ಕಾರು ಕೇಳಿದ್ರಿ. ಮಕ್ಕಳ ನಾಟಕಕ್ಕ ಬೇಕು, ಎರಡು ದಿನಕ್ಕ ವಾಪಸ್ ಕೊಡ್ತೀನಿ ಅಂದ್ರು."

"ಯಾರು ಅಂತ ಕೇಳಿದ್ಯೇನು?"

"ಹೆಸರು ಹೇಳಿದ್ರಿ. ಮಾಲವಿಕಾ ಅಂತ. ಇಲ್ಲೇ ಶೆಡ್ಡಿನ್ಯಾಗ ದೋಣಿ ಕಟ್ತಾರಲ್ಲ, ಅವರ ತಂಗಿ ಅಂದ್ರು."

ಗುರುಬಸಪ್ಪ ತಕ್ಷಣ ತಲೆ ಎತ್ತಲಿಲ್ಲ. ಎತ್ತಿದಾಗ ಅವನ ಮುಖದಲ್ಲಿ ಇಷ್ಟು ದಿನ ಇದ್ದ ಮರುಕ ಇರಲಿಲ್ಲ.

"ನಾನು ಯಾರ ಹತ್ರಾನೂ ಜಾಕೆಟ್ ಕೇಳಿಲ್ಲ ಸಾರ್," ಎಂದಳು ಮಾಲವಿಕಾ.

"ಇರ್ಲಿರಿ. ಅಮರೇಶ, ವಿಡಿಯೋ ಹಚ್ಚು. ಕಂಡ್ರ ಗುರ್ತು ಹಿಡೀತಿಯೇನು?"

"ಹಿಡೀತೀನ್ರಿ ಸರ."

ಫೋನಿನ ಗಾಜಿನ ಮೇಲೆ ಒಂದು ಮುಖ ಮೂಡಿತು. ಇಪ್ಪತ್ತೈದರ ಹುಡುಗ, ಹಣೆಯ ಮೇಲೆ ಹೊಲಿಗೆಯ ಗುರುತು, ಹಿಂದೆ ಬಿಳಿ ಸುಣ್ಣದ ಗೋಡೆ. ಮಾಲವಿಕಾ ಅವನನ್ನು ಜನ್ಮದಲ್ಲಿ ಕಂಡಿರಲಿಲ್ಲ; ತನ್ನ ಹೆಸರನ್ನು ಅವನಿಗೆ ಹೇಳಿಕೊಟ್ಟವರು ಯಾರೆಂದು ತಿಳಿಯಲಿಲ್ಲ. ಗುರುಬಸಪ್ಪ ಫೋನನ್ನು ನಿಧಾನವಾಗಿ ಅವಳ ಕಡೆ ತಿರುಗಿಸಿದ.

ಹುಡುಗ ಫೋನಿಗೆ ಮುಖ ತಂದು ನೋಡಿದ. ಆಮೇಲೆ, ಬಹುದಿನದ ಪರಿಚಯದವರನ್ನು ಕಂಡ ಹಾಗೆ, ನಕ್ಕ.

"ಹೌದ್ರಿ ಸರ. ಇವ್ರ. ಅರಾಮದೀರೇನ್ರಿ ಅಕ್ಕಾರ?"